ಒಂದು ಲೋಟ ಹಿಟ್ಟಿನ ತೂಕ

ದೊಡ್ಡಮ್ಮ ಗಂಡನ ಬೇಕರಿಗೆ ಮೊದಲು ಕಾಲಿಟ್ಟದ್ದು ಮದುವೆಯಾದ ಹೊಸದರಲ್ಲಿ. ಗಂಡನಿಗೆ ಬುತ್ತಿ ತಂದವರು, ಅವನ ಕೈಯೆರಡೂ ಹಿಟ್ಟಿನಲ್ಲಿ ಮುಳುಗಿದ್ದುದನ್ನು ಕಂಡು ತಾವೇ ಲೋಟ ಹಿಡಿದು ಸಕ್ಕರೆ ಅಳೆದುಕೊಟ್ಟರು. ಅಂದು ಹಿಡಿದ ಲೋಟವನ್ನು ಮುಪ್ಪಿನವರೆಗೂ ಕೆಳಗಿಡಲಿಲ್ಲ. ಗಂಡ ತೀರಿಕೊಂಡ ಮೇಲೂ ಬಿಸ್ಕತ್ತಿನ ಅಳತೆಯೆಲ್ಲ ಅವರ ಕೈಯಲ್ಲೇ ಇತ್ತು. ಮಕ್ಕಳಿರಲಿಲ್ಲ. ಮಂಡಿನೋವು ಹೆಚ್ಚಾದಾಗ ಅಂಗಡಿಯನ್ನು ತಂಗಿಯ ಮಗಳಿಗೆ ಒಪ್ಪಿಸಿ, ಹಿಂದಿನ ಬೀದಿಯ ಒಂದು ಕೋಣೆ ಸೇರಿದರು. ಅಲ್ಲಿನ ಗೋಡೆಗಳಿಗೆ ಕಿವಿಯಿತ್ತೋ ಏನೋ, ಬಾಯಿಯಂತೂ ಇರಲಿಲ್ಲ.

ಒಂದು ದಿನ ಆ ಮಗಳೇ ಹುಡುಕಿಕೊಂಡು ಬಂದಳು.

“ದೊಡ್ಡಮ್ಮ, ಕೆಲಸದವರು ಒಬ್ಬೊಬ್ಬರು ಒಂದೊಂದು ಥರ ಲೋಟ ತುಂಬ್ತಾರೆ. ಒಂದ್ಸಲ ಬಿಸ್ಕತ್ತು ಕಲ್ಲು, ಇನ್ನೊಂದ್ಸಲ ಪುಡಿಪುಡಿ. ಎಲ್ಲಾನೂ ತೂಕಕ್ಕೆ ತಂದುಬಿಡೋಣ ಅಂತ. ನೀನು ಅಳೆದು ಕೊಡು, ನಾನು ತೂಗ್ತೀನಿ.”

“ಅಂತೂ ನನ್ನ ಜತೆ ಲೋಟಕ್ಕೂ ವಯಸ್ಸಾಯ್ತು ಅನ್ನು,” ಎಂದರು ದೊಡ್ಡಮ್ಮ. ಆದರೂ ಮರುದಿನ ಬೆಳಕು ಹರಿಯುವ ಮೊದಲೇ ತಲೆ ಬಾಚಿಕೊಂಡು ಸಿದ್ಧರಾಗಿದ್ದರು.

ಸಕ್ಕರೆ, ಎಣ್ಣೆಗಳ ಕೆಲಸ ಅಂದೇ ಮುಗಿಯಿತು. ಅವನ್ನು ಹೇಗೆ ತುಂಬಿದರೂ ಲೋಟದ ತೂಕ ಹೆಚ್ಚುಕಡಿಮೆ ಒಂದೇ. ಹಿಟ್ಟು ಹಾಗಲ್ಲ. ಜರಡಿ ಹಿಡಿದು ಹಗುರವಾಗಿ ಸುರಿದರೆ ಒಂದು ತೂಕ. ಲೋಟವನ್ನು ಮೇಜಿಗೆ ಕುಟ್ಟಿ ಕುಟ್ಟಿ ತುಂಬಿದರೆ ಅದಕ್ಕಿಂತ ಬಹಳ ಹೆಚ್ಚು. ದೊಡ್ಡಮ್ಮನದು ಎಂದೆಂದೂ ಜರಡಿ ಹಿಡಿದ ಹಿಟ್ಟೇ. ಅಂದೂ ಹಾಗೆಯೇ ತುಂಬಿಕೊಟ್ಟರು.

“ನಾಳೆ ಇನ್ನೊಮ್ಮೆ ತೂಗಿ ನೋಡೋಣ, ಬಾ,” ಎಂದಳು ಮಗಳು.

ತಮ್ಮನ್ನು ನಾಳೆ ಬಾ ಎಂದು ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ. ಮರುದಿನ ದೊಡ್ಡಮ್ಮ ಮಗಳ ಕಣ್ಣು ತಪ್ಪಿಸಿ ಲೋಟವನ್ನು ಮೇಜಿಗೆ ಕುಟ್ಟಿದರು. ತೂಕ ಬೇರೆ ಬಂತು. ಅದರ ಮರುದಿನ ಮತ್ತೊಂದು.

“ಹಿಟ್ಟೇ ಹಾಗಮ್ಮ. ಮಳೆಗೊಂದು ಥರ, ಬಿಸಿಲಿಗೊಂದು ಥರ,” ಎಂದು ತಿಪ್ಪೆ ಸಾರಿಸಿಬಿಟ್ಟರು.

ಹೀಗೆ ಬೆಳಗಿನ ಟೀ ಬೇಕರಿಯಲ್ಲೇ ಆಗತೊಡಗಿತು. ಒಲೆ ನೋಡಿಕೊಳ್ಳುವವನು ಅಲ್ಲಿನ ಸ್ಟೂಲನ್ನೇ ಸಿಂಹಾಸನ ಮಾಡಿಕೊಂಡಿದ್ದರಿಂದ ಎಲ್ಲರೂ ಅವನನ್ನು ದೊರೆ ಎನ್ನುತ್ತಿದ್ದರು.

“ದೊಡ್ಡಮ್ಮ, ನಿಮ್ಮ ತೂಕ ಕೇಳಿ ಕೇಳಿ ಇಲಿಗಳಿಗೂ ಬಾಯಿಪಾಠ ಆಗಿರ್ಬೇಕು,” ಎಂದು ಅವನು ಕೆಣಕುವುದು.

“ನಿನಗೆ ಇನ್ನೂ ಆಗ್ಲಿಲ್ವಲ್ಲ, ದೊರೆ,” ಎಂದು ಇವರು ಮರಳಿಸುವುದು.

ಕೊನೆಗೆ ಬೇಸತ್ತ ಮಗಳು ಕಡೆಯ ದಿನದ ತೂಕವನ್ನೇ ಹಿಡಿದು, ಒಂದು ಶಾಲೆಯವರು ಹೇಳಿದ್ದ ಬಿಸ್ಕತ್ತಿಗೆ ಹಿಟ್ಟು ಕಲಸಿಸಿದಳು. ತಟ್ಟೆ ತಟ್ಟೆಯೂ ಕಲ್ಲಿನಂತೆ ಗಟ್ಟಿಯಾಗಿ ಹೊರಬಂತು.

“ಒಲೆ ಮುಂದೆ ತೂಕಡಿಸ್ತಾ ಕೂತ್ರೆ ಇನ್ನೇನಾಗುತ್ತೆ? ನಾಳೆಯಿಂದ ನೀನು ಬರೋದು ಬೇಡ,” ಎಂದು ಮಗಳು ದೊರೆಯ ಮೇಲೆ ಹರಿಹಾಯ್ದಳು.

ದೊರೆ ಕೈ ಒರೆಸಿಕೊಳ್ಳುತ್ತ ಸ್ಟೂಲಿನಿಂದ ಎದ್ದ. ಬಾಯಿ ಬಿಟ್ಟರೆ ದೊಡ್ಡಮ್ಮನ ಈ ಬೆಳಗುಗಳು ಹೋಗುತ್ತವೆ. ಬಿಡದಿದ್ದರೆ ಅವನ ಅನ್ನ ಹೋಗುತ್ತದೆ.

“ಅವನನ್ನ ಬಯ್ಯಬೇಡ. ಲೋಟ ಕುಟ್ಟಿ ತುಂಬಿದ್ದು ನಾನು.”

“ಯಾಕೆ ದೊಡ್ಡಮ್ಮ?”

“ತೂಕ ಸಿಕ್ಕಿಬಿಟ್ರೆ ಆಮೇಲೆ ನನ್ನನ್ನ ಯಾರು ಕರೀತಾರೆ?”

ಮಗಳು ಜರಡಿಯನ್ನು ಅವರ ಕೈಗಿತ್ತಳು. ಎಷ್ಟು ಸಲ ತೂಗಿದರೂ ತೂಕ ಕದಲಲಿಲ್ಲ. ಅದನ್ನು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಳು. ದೊರೆ ಸ್ಟೂಲಿಗೆ ಮರಳಿದ.

“ಸುಮ್ನೆ ಬಂದು ಕೂತಿರು, ದೊಡ್ಡಮ್ಮ,” ಎಂದು ಮಗಳು ಮನಸಾರೆ ಹೇಳಿದಳು. ಒಂದೆರಡು ದಿನ ಹೋದರು. ಎಲ್ಲರಿಗೂ ಕೈತುಂಬ ಕೆಲಸ. ಇವರ ಕುರ್ಚಿ ಎಲ್ಲಿಟ್ಟರೂ ಓಡಾಡುವವರ ಕಾಲಿಗೆ ಅಡ್ಡ. ಆಮೇಲೆ ಬಿಟ್ಟರು.

ಈಗ ಸಂಜೆ ಗಿರಾಕಿಯಾಗಿ ಹೋಗುತ್ತಾರೆ. ಒಳಗೆ ಬಾ ಎಂದರೂ ಸಾಲಿನಲ್ಲೇ ನಿಂತು, ಒಂದು ಬನ್ನು ಕೊಂಡು, ಒಳಗಿರುವ ದೊರೆಯನ್ನು ಅವನ ಹಳೆಯ ಕೆಮ್ಮು ಹೇಗಿದೆ ಎಂದು ವಿಚಾರಿಸುತ್ತಾರೆ. ಅವನ ಉತ್ತರ ಮುಗಿಯುವುದರೊಳಗೆ ಹಿಂದಿನವರು ಕೈ ಚಾಚಿರುತ್ತಾರೆ. ದೊಡ್ಡಮ್ಮ ಪಕ್ಕಕ್ಕೆ ಸರಿದು, ಸುತ್ತುದಾರಿ ಹಿಡಿದು ಕೋಣೆಯ ಕಡೆಗೆ ನಡೆಯುತ್ತಾರೆ.