ಮೂಗು ಮೇಡಂ ಒಪ್ಪಿದ ಸಾಬೂನು

ಸಾಬೂನು ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಮೂಗು ಮೇಡಂ ಅಂತಲೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಹಾಗಂತ ಅವಳ ಮೂಗೇನೂ ಊರಿಗೊಂದು ಅನ್ನುವಂಥದ್ದಲ್ಲ. ಕನ್ನಡಕ ಜಾರದೆ ನಿಲ್ಲುವುದಕ್ಕೆ ಸಾಕಾಗುವಷ್ಟಿತ್ತು, ಅಷ್ಟೇ. ಆದರೆ ಮೂವತ್ತೊಂದು ವರ್ಷದಿಂದ ಆ ಮೂಗು ಹೂಂ ಅನ್ನದೆ ಒಂದೇ ಒಂದು ಸಾಬೂನೂ ಗೇಟು ದಾಟಿರಲಿಲ್ಲ.

ಅವಳ ಕೆಲಸ ನೋಡಿದವರಿಗೆ, ಇದೂ ಒಂದು ಕೆಲಸವಾ ಅನಿಸುತ್ತಿತ್ತು. ಒಂದೊಂದು ಪಾಕ ಮುಗಿದಾಗಲೂ ಮೊದಲಿನದೊಂದು, ನಡುವಿನದೊಂದು, ಕೊನೆಯದೊಂದು, ಹೀಗೆ ಮೂರು ಸಾಬೂನು ಅವಳ ಮೇಜಿಗೆ ಬರಬೇಕು. ಚಾಕುವಿನಿಂದ ಕೊಯ್ದು, ಕೊಯ್ದ ಚೂರನ್ನು ಮುಷ್ಟಿಯಲ್ಲಿ ಹಿಡಿದು ಅರವತ್ತು ಎಣಿಸುತ್ತಾಳೆ. ಸಾಬೂನಿಗೆ ಮೈಶಾಖ ತಗುಲಿದ ಮೇಲೆ ಮುಷ್ಟಿ ಬಿಚ್ಚಿ ಒಂದು ಸಲ, ಒಂದೇ ಸಲ, ಮೂಸುತ್ತಾಳೆ. ಎರಡನೇ ಸಲ ಮೂಸಿದರೆ ಮೂಗು ಮುಲಾಜಿಗೆ ಬೀಳುತ್ತೆ ಅನ್ನುತ್ತಿದ್ದಳು. ಸರಿ ಇದ್ದರೆ ಪುಸ್ತಕದಲ್ಲಿ ಒಂದು ಗೀಟು. ಸರಿ ಇಲ್ಲವೋ, ಅಷ್ಟೂ ಸಾಬೂನನ್ನು ವಾಪಸ್ ಕಳಿಸಿ ಪುಡಿಮಾಡಿ ಮತ್ತೆ ಅರೆಯಬೇಕು. ಆಗ ಮಿಶ್ರಣ ವಿಭಾಗದ ಹದಿನೆಂಟು ಜನ ಅವಳಿಗೆ ಹಿಡಿಶಾಪ ಹಾಕುತ್ತಿದ್ದರು, ಮಾರನೇ ದಿನ ಮರೆಯುತ್ತಿದ್ದರು.

ಈ ಕೆಲಸಕ್ಕೋಸ್ಕರ ಅವಳು ಬಿಟ್ಟದ್ದೇನು ಕಮ್ಮಿಯೇ? ಹಸಿ ಈರುಳ್ಳಿ ಬಿಟ್ಟಳು, ಘಮಲಿನ ಎಣ್ಣೆ ಬಿಟ್ಟಳು, ಬೆಳಗಿನ ಟೀ ಕೂಡ ಬಿಟ್ಟಳು. ಗಂಡ ಬಸ್ಸು ಓಡಿಸಿ ನಿವೃತ್ತನಾದವನು, ಮಾತಿಗೆ ಬಡತನವಿಲ್ಲದ ಮನುಷ್ಯ. ತಾನು ಮದುವೆಯಾದದ್ದು ಮೂಗನ್ನು, ಉಳಿದ ಹೆಂಗಸು ಅದರ ಜೊತೆಗೆ ಪುಕ್ಕಟೆ ಬಂದಳು ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಎರಡು ವರ್ಷದ ಹಿಂದೆ ಅವಳಿಗೊಂದು ಜ್ವರ ಬಂತು. ಹನ್ನೊಂದು ದಿನ ಮಲಗಿ ಎದ್ದಳು. ಕಾಲಿಗೆ ಬಲ ಬಂತು, ನಾಲಿಗೆಗೆ ಉಪ್ಪು ಹುಳಿ ತಿಳಿಯಿತು. ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲೇ ನಿಂತು ಕಿಟಕಿಯಾಚೆ ನೋಡುತ್ತಿದ್ದಳು. ಗಂಡ ಹೊರಗಿನ ಕೋಣೆಯಿಂದ ಓಡಿ ಬಂದು ಒಲೆ ಆರಿಸಿದ. ಹಾಲು ಸೀದು ಪಾತ್ರೆಯ ತಳ ಕಪ್ಪಾಗಿತ್ತು. ಪಕ್ಕದಲ್ಲಿದ್ದವಳಿಗೆ ಗೊತ್ತೇ ಆಗಿರಲಿಲ್ಲ. ಡಾಕ್ಟರು, ವಾಸನೆ ಮೂರು ತಿಂಗಳಲ್ಲಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಅಂದರು. ಬರಲಿಲ್ಲ.

ಅಂದೇ ಹೋಗಿ ಹೇಳಿಬಿಡಬೇಕಿತ್ತು, ಅಲ್ಲವೇ? ದೂರ ಕೂತವರಿಗೆ ಅದು ಸುಲಭ. ಮೂಗು ಹೋದ ಮೂಗು ಮೇಡಂ ಅಂದರೆ ಏನು ಉಳಿಯಿತು? ಅವಳಿಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಗಂಡನಿಗೊಬ್ಬನಿಗೆ ಗೊತ್ತಿತ್ತು, ಅವನು ಬಾಯಿಗೆ ಬೀಗ ಹಾಕಿಕೊಂಡ. ಅವಳು ಎಂದಿನಂತೆ ಕೆಲಸಕ್ಕೆ ಹೋದಳು, ಮುಷ್ಟಿ ಹಿಡಿದಳು, ಅರವತ್ತು ಎಣಿಸಿದಳು, ಮೂಗಿಗೆ ಹಿಡಿದು ಬರಿಗಾಳಿ ಎಳೆದುಕೊಂಡಳು.

ವಿಚಿತ್ರ ಅಂದರೆ, ಅವಳು ಸಿಕ್ಕಿಬೀಳಲಿಲ್ಲ. ಮೂವತ್ತು ವರ್ಷ ಕೊಯ್ದ ಕೈ ಅದು. ಸುಗಂಧ ಕಮ್ಮಿಯಾದರೆ ಸಾಬೂನು ಚಾಕುವಿಗೆ ಪುಡಿಪುಡಿಯಾಗುತ್ತೆ, ಹೆಚ್ಚಾದರೆ ಅಂಟುತ್ತೆ. ಸುಗಂಧದ ಎಣ್ಣೆ ಹಳತಾಗಿದ್ದರೆ ಕೊಯ್ದ ಮುಖಕ್ಕೆ ಒಣಹುಲ್ಲಿನ ಬಣ್ಣ ಬರುತ್ತೆ. ಮುಷ್ಟಿಯಲ್ಲಿ ಅದು ಎಷ್ಟು ಹೊತ್ತಿಗೆ ಬೆವರುತ್ತೆ ಅನ್ನುವುದಕ್ಕೂ ಒಂದು ಲೆಕ್ಕವಿದೆ. ಕೈಯಿಂದಲೇ ಪರೀಕ್ಷೆ ಮಾಡಿ ಎರಡು ವರ್ಷದಲ್ಲಿ ನಾಲ್ಕು ಪಾಕ ವಾಪಸ್ ಕಳಿಸಿದಳು, ನಾಲ್ಕರಲ್ಲೂ ತಪ್ಪಿತ್ತು. ಬರುಬರುತ್ತಾ ಅವಳಿಗೇ ಧೈರ್ಯ ಬಂತು. ಮೂಗು ಹೋದರೆ ಹೋಯಿತು, ಕೈಗೆ ಮೂಗು ಬಂದಿದೆ ಅಂತ ಗಂಡನ ಹತ್ತಿರ ನಗಾಡುವಷ್ಟು ಧೈರ್ಯ. ಅವಳು ಎಡವಿದ್ದು ಅಲ್ಲೇ.

ಅಷ್ಟರಲ್ಲಿ ಹಳೆ ಯಜಮಾನರ ಮಕ್ಕಳು ಕಾರ್ಖಾನೆಯನ್ನು ಮಾರಿದರು. ಕೊಂಡ ಕಂಪನಿಯದ್ದು ತೊಂಬತ್ತು ದೇಶದಲ್ಲಿ ವ್ಯಾಪಾರ. ಹಲ್ಲುಜ್ಜುವ ಪೇಸ್ಟಿನಿಂದ ನಾಯಿಯ ತಿಂಡಿವರೆಗೆ ಅವರು ಮಾರದ ವಸ್ತುವಿಲ್ಲ. ಗೋಡೆಗೆ ಹೊಸ ಬಣ್ಣ ಬಂತು, ಗೀಟು ಹಾಕುವ ಪುಸ್ತಕ ಹೋಗಿ ಬೆರಳಿನಿಂದ ಮುಟ್ಟುವ ಟ್ಯಾಬ್ ಬಂತು. ಬ್ರ್ಯಾಂಡ್ ನೋಡಿಕೊಳ್ಳುವುದಕ್ಕೆ ಒಬ್ಬಳು ಹುಡುಗಿ ಬಂದಳು, ಚುರುಕು, ಯಾರ ಜೊತೆಗೂ ಗಟ್ಟಿಯಾಗಿ ಮಾತಾಡದವಳು. ಜನಕ್ಕೆ ಈಗ ಹೊಸದು ಅಂದರೆ ಬೇಜಾರು ಬಂದಿದೆ ಅಂತ ಅವಳು ಸಭೆಯಲ್ಲಿ ವಿವರಿಸಿದಳು. ಜಗತ್ತಿನಲ್ಲೆಲ್ಲ ಈಗ ಹಳೆಯದಕ್ಕೇ ಬೆಲೆ; ಒಂದು ಸಾಬೂನಿನ ಹಿಂದೆ ಒಬ್ಬ ಮನುಷ್ಯನ ಕತೆ ಇದ್ದರೆ ಗಿರಾಕಿ ಕೈಬಿಡುವುದಿಲ್ಲ. ಈ ಕಾರ್ಖಾನೆಯ ಕತೆ ಯಾವುದು ಅಂತ ಅವಳು ಹುಡುಕಿದ್ದೂ ಆಗಿತ್ತು. ಹೊಸ ಪೊಟ್ಟಣದ ಮೇಲೆ ಕನ್ನಡಕದ ಹೆಂಗಸಿನ ಚಿತ್ರ, ಕೆಳಗೆ ದಪ್ಪಕ್ಷರದಲ್ಲಿ "ಅದೇ ಮೂಗು, ಅದೇ ಪರಿಮಳ".

ಮೂಗು ಮೇಡಂ ಆ ಚಿತ್ರ ನೋಡಿ ಖುಷಿಪಟ್ಟಳು. ಸುಳ್ಳು ಹೇಳುವುದೇಕೆ, ತುಂಬಾ ಖುಷಿಪಟ್ಟಳು. ಆಮೇಲೆ ಕೆಳಗಿನ ಸಾಲು ಓದಿ ಪೊಟ್ಟಣವನ್ನು ಮಗುಚಿಟ್ಟಳು.

ಆ ತಿಂಗಳೇ ಹೊಸ ಸುಗಂಧದ ಡ್ರಮ್ಮುಗಳು ಬಂದವು. ಹೆಸರಿಲ್ಲ, ಬರೀ ನಂಬರು. ಎಲ್ಲೋ ಒಂದು ಕಡೆ ತಯಾರಾಗಿ ಹನ್ನೊಂದು ದೇಶಕ್ಕೆ ಹೋಗುವ ಸುಗಂಧ ಅದು. ಅದನ್ನು ಮಾಡಿದವರೂ ಕಡಿಮೆಯವರಲ್ಲ. ಬಣ್ಣ ಹೊಂದಿಸಿದ್ದರು, ಚಾಕುವಿಗೆ ಸಿಗುವ ಹದ ಹೊಂದಿಸಿದ್ದರು, ಮುಷ್ಟಿಯಲ್ಲಿ ಬೆವರುವ ಹೊತ್ತು ಕೂಡ ಹಳೆಯದರಷ್ಟೇ. ಬೇರೆಯಾಗಿದ್ದದ್ದು ವಾಸನೆ ಒಂದೇ.

ಅದರ ಮೊದಲ ಪಾಕ ಮುಗಿದ ಸೋಮವಾರ ಮೂರು ಸಾಬೂನನ್ನು ಮಿಶ್ರಣ ವಿಭಾಗದ ಮೇಸ್ತ್ರಿ ತಾನೇ ಹೊತ್ತು ತಂದ. ಇಪ್ಪತ್ತೆಂಟು ವರ್ಷದ ಜೊತೆಗಾರ. ಅವಳು ಅಣ್ಣ ಅನ್ನುತ್ತಿದ್ದಳು, ಅವನು ತಂಗಿ ಅನ್ನುತ್ತಿದ್ದ. ಅವನೆಂದೂ ತಾನಾಗಿ ತಂದವನಲ್ಲ. ತಂದಿಟ್ಟು ಹೋಗಲೂ ಇಲ್ಲ, ಮೇಜಿನ ಪಕ್ಕ ನಿಂತೇ ಇದ್ದ. ಅವಳು ಕೊಯ್ದಳು, ಅರವತ್ತು ಎಣಿಸಿದಳು, ಮೂಗಿಗೆ ಹಿಡಿದು ಉಸಿರೆಳೆದಳು, ತಲೆಯಾಡಿಸಿ ಟ್ಯಾಬ್ ಮುಟ್ಟಿದಳು. ಮೇಸ್ತ್ರಿ ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಹೊರಟುಹೋದ. ಮಾರನೇ ದಿನದಿಂದ ತಂಗಿ ಹೋಗಿ ಮೇಡಂ ಆಯಿತು, ನೀನು ಹೋಗಿ ನೀವು ಆಯಿತು. ಟೀ ಹೊತ್ತಿನಲ್ಲಿ ಅವನು ಬೇರೆ ಬೆಂಚಿಗೆ ಹೋಗಿ ಕೂತ. ತನ್ನ ಗುಟ್ಟು ಅವನಿಗೆ ತಿಳಿದುಹೋಗಿದೆ ಅಂತ ಅವಳು ಅಂದುಕೊಂಡಳು. ಕೇಳುವುದಕ್ಕೆ ಬಾಯಿ ಬರಲಿಲ್ಲ.

ಕಾರ್ಖಾನೆಯವರಿಗೆ ತಿಂಗಳಿಗೆ ಆರು ಸಾಬೂನು ಮನೆಗೆ ಕೊಡುತ್ತಾರೆ. ಮೂರು ವಾರ ಕಳೆದ ಮೇಲೆ, ಒಂದು ಶನಿವಾರ ಬೆಳಿಗ್ಗೆ, ಗಂಡ ಹೊಸ ಪೊಟ್ಟಣ ಒಡೆದು ಸ್ನಾನಕ್ಕೆ ಹೋದ. ಟವೆಲ್ ಸುತ್ತಿಕೊಂಡು ಅರ್ಧ ನೊರೆಯಲ್ಲೇ ಈಚೆ ಬಂದ.

"ಇದು ನಿಮ್ಮದಲ್ಲ ಕಣೇ," ಅಂದ.

ನಮ್ಮ ಲೈನಿನದೇ, ನಾನೇ ಒಪ್ಪಿದ್ದು ಅಂತ ಅವಳು ಹೇಳಿದಳು.

"ಸಾಯಂಕಾಲ ನೀನು ಬಾಗಿಲು ತಟ್ಟೋಕೆ ಮೊದಲೇ ನಿನ್ನ ವಾಸನೆ ಒಳಗೆ ಬಂದುಬಿಡ್ತಿತ್ತು. ಮೂವತ್ತೊಂದು ವರ್ಷ. ನನಗೆ ಗೊತ್ತಾಗಲ್ವಾ? ಇದು ಯಾವುದೋ ಹೋಟೆಲ್ ರೂಮಿನ ವಾಸನೆ."

ಅವಳು ಎದ್ದು ಒಳಗೆ ಹೋದಳು. ಬೀರುವಿನಲ್ಲಿ ಬಟ್ಟೆಗಳ ನಡುವೆ ಇಟ್ಟಿದ್ದ ಹಳೆ ಸಾಬೂನು ತೆಗೆದಳು. ಗಂಡನನ್ನು ಕುರ್ಚಿಯಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದಳು. ಹಳೆಯದರ ಚೂರು, ಹೊಸದರ ಚೂರು, ಅದಲುಬದಲು ಮಾಡಿ ತನ್ನ ಮುಷ್ಟಿಯಲ್ಲಿ ಕಾಯಿಸಿ ಅವನ ಮೂಗಿಗೆ ಹಿಡಿದಳು. ನೊರೆ ಒಣಗಿ ಮೈ ಕೆರೆಯುತ್ತಿದೆ ಅಂತ ಅವನು ಗೊಣಗಿದರೂ ಬಿಡಲಿಲ್ಲ. ಏಳು ಸಲ ಹಿಡಿದಳು. ಏಳಕ್ಕೆ ಏಳೂ ಸರಿ ಹೇಳಿದ. ಇಪ್ಪತ್ತೈದು ವರ್ಷ ಡೀಸೆಲ್ ಕುಡಿದ ಮೂಗು ಅದು! ಅದಕ್ಕೂ ತಿಳಿಯುವಷ್ಟು ದೂರದ ವಾಸನೆಯನ್ನು ಇವಳು ಅದೇ ಅಂತ ಒಪ್ಪಿದ್ದಳು.

ಅವಳನ್ನು ಕೊರೆದದ್ದು ಅವಮಾನ ಒಂದೇ ಅಲ್ಲ. ಹಿಂದಿನ ವಾರವಷ್ಟೇ ನೋಟಿಸ್ ಬೋರ್ಡಿಗೆ ಒಂದು ಕಾಗದ ಹಚ್ಚಿದ್ದರು: ಹೊಸ ಡ್ರಮ್ಮಿನ ಸುಗಂಧ ಹಳೆಯದರಂತೆಯೇ ಇದೆ ಎಂದು ನಮ್ಮ ಹಿರಿಯ ಪರೀಕ್ಷಕರೇ ಒಪ್ಪಿರುವುದರಿಂದ ಹಳೆಯದನ್ನು ಈ ತಿಂಗಳಿಗೆ ನಿಲ್ಲಿಸಲಾಗುವುದು. ಆಗ ಅವಳು ಅದನ್ನು ಡ್ರಮ್ಮು ಕಳಿಸುವ ಕಂಪನಿ ಬದಲಾಯಿತು, ಅಷ್ಟೇ ಅನ್ನುವ ಹಾಗೆ ಓದಿ ಬಿಟ್ಟಿದ್ದಳು. ಈಗ ಅರ್ಥವಾಯಿತು. ಎಷ್ಟು ಮನೆಯ ಬಚ್ಚಲಿನಲ್ಲಿ, ಎಷ್ಟು ಜನರ ಬಟ್ಟೆಯಲ್ಲಿ ಇದ್ದ ವಾಸನೆ ಅವಳ ಒಂದು ತಲೆಯಾಟದಿಂದ ನಿಂತುಹೋಗಲಿತ್ತು. ಅದನ್ನು ತಡೆಯುವ ದಾರಿಯೂ ಒಂದೇ: ತನಗೆ ಮೂಗಿಲ್ಲ ಅಂತ ಹೇಳುವುದು.

ಗಂಡ, ಇನ್ನೊಂದು ವರ್ಷದ ಸರ್ವೀಸು, ಸುಮ್ಮನಿದ್ದುಬಿಡು ಅಂದ. ಸಾಬೂನಿಗೋಸ್ಕರ ಯಾರಾದರೂ ಮರ್ಯಾದೆ ಕಳಕೊಳ್ತಾರಾ ಅಂತಲೂ ಕೇಳಿದ. ಅವನ ಮೇಲೆ ಸಿಟ್ಟು ಬಂತು ಅವಳಿಗೆ, ಅವನು ಹೇಳಿದ್ದು ತನ್ನ ಮನಸ್ಸಿನಲ್ಲಿದ್ದದ್ದೇ ಆದ್ದರಿಂದ. ಭಾನುವಾರ ಪೂರ್ತಿ ಅವನ ಜೊತೆ ಮಾತಾಡಲಿಲ್ಲ.

ಗುರುವಾರ ಜಾಹೀರಾತಿನ ಚಿತ್ರೀಕರಣ. ಅವಳ ಪುಟ್ಟ ಪರೀಕ್ಷೆಯ ಕೋಣೆಗೆ ನಾಲ್ಕು ದೀಪ, ಎರಡು ಕ್ಯಾಮೆರಾ, ಆಳು ಅಡ್ಡಾಡಲು ಜಾಗವಿಲ್ಲ. ಕಾರ್ಖಾನೆ ಅಂತ ಕಾಣಲಿ ಅಂತ ಮೇಸ್ತ್ರಿಯನ್ನೂ ಅವನ ಇಬ್ಬರು ಆಳುಗಳನ್ನೂ ಹಿಂದೆ ನಿಲ್ಲಿಸಿದ್ದರು. ಅವಳು ಸಾಬೂನು ಕೊಯ್ಯಬೇಕು, ಮುಷ್ಟಿ ಹಿಡಿಯಬೇಕು, ಮೂಸಿ ನಕ್ಕು "ಅದೇ ಪರಿಮಳ" ಅನ್ನಬೇಕು. ಎರಡೇ ಮಾತು.

ಕೊಯ್ದಳು. ಹಿಡಿದಳು. ಅರವತ್ತು ಎಣಿಸುವಷ್ಟು ಹೊತ್ತು ಬೇಡ ಮೇಡಂ, ಹತ್ತು ಸಾಕು ಅಂತ ಕ್ಯಾಮೆರಾದವನು ಹೇಳಿದ. ಅವಳು ಅರವತ್ತೂ ಎಣಿಸಿದಳು. ಮುಷ್ಟಿ ಬಿಚ್ಚಿ ಮೂಗಿಗೆ ಹಿಡಿದಳು.

"ನನಗೆ ವಾಸನೆ ಬರಲ್ಲ," ಅಂದಳು. "ಎರಡು ವರ್ಷ ಆಯ್ತು. ಇದನ್ನ ನಾನು ಒಪ್ಪಿದ್ದು ಸುಳ್ಳು."

ಕ್ಯಾಮೆರಾದವನು ಸಾಲು ಮರೆತಳು ಅಂದುಕೊಂಡು ಇನ್ನೊಂದು ಸಲ ಅಂದ. ಬ್ರ್ಯಾಂಡಿನ ಹುಡುಗಿಗೆ ಮಾತ್ರ ಅರ್ಥವಾಗಿತ್ತು. ದೀಪ ಆರಿಸಲು ಹೇಳಿ, ಮೂಗು ಮೇಡಂನ ಮೊಣಕೈ ಹಿಡಿದು ಕಾರಿಡಾರಿಗೆ ಕರಕೊಂಡು ಬಂದು ಕೂರಿಸಿ ನೀರು ಕೊಟ್ಟಳು. ಮೂಗು ಮೇಡಂ ಜ್ವರದಿಂದ ಹಿಡಿದು ಏಳು ಸಲದ ಪರೀಕ್ಷೆವರೆಗೆ ಎಲ್ಲವನ್ನೂ ಹೇಳಿದಳು. ತನ್ನ ತಪ್ಪಿಗೆ ಏನು ಬೇಕಾದರೂ ಮಾಡಿ, ಹಳೆ ಸುಗಂಧ ನಿಲ್ಲಿಸಬೇಡಿ ಅಂದಳು.

ಹುಡುಗಿ ತನ್ನ ಚಪ್ಪಲಿ ನೋಡುತ್ತಲೇ ನಿಜ ಹೇಳಿದಳು. ಹೊಸ ಸುಗಂಧದ ತೀರ್ಮಾನ ಹೋದ ವರ್ಷವೇ ಆಗಿತ್ತಂತೆ. ಆರು ದೇಶದಲ್ಲಿ ನಾಲ್ಕು ಸಾವಿರ ಮನೆಗೆ ಕೊಟ್ಟು ನೋಡಿದ್ದರಂತೆ. ಹೆಚ್ಚಿನವರಿಗೆ ಇದೇ ಹಿಡಿಸಿತ್ತಂತೆ. ಇವಳ ಒಪ್ಪಿಗೆ ಬೇಕಾಗಿದ್ದದ್ದು ಪೊಟ್ಟಣದ ಮೇಲಿನ ಸಾಲಿಗೆ ಮಾತ್ರ.

"ಹಾಗಾದ್ರೆ ನನ್ನನ್ನ ಯಾಕಮ್ಮ ಕೇಳಿದ್ರಿ?"

"ಕೇಳಿರಲಿಲ್ಲ ಮೇಡಂ," ಅಂದಳು ಹುಡುಗಿ, ಮೆಲ್ಲಗೆ. "ತೋರಿಸಿದ್ವಿ, ಅಷ್ಟೇ."

ಮೂಗು ಮೇಡಂಗೆ ಕೆನ್ನೆಗೆ ಹೊಡೆದ ಹಾಗಾಯಿತು. ಐದು ದಿನ ನಿದ್ದೆಗೆಟ್ಟು ಹೊತ್ತುಕೊಂಡಿದ್ದ ಪಾಪವೂ ತನ್ನದಲ್ಲ ಅಂದರೆ! ಆದರೂ ಅವಳು ಏಳಲಿಲ್ಲ. ವಾಸನೆ ಉಳಿಸುವುದು ನಿಮ್ಮ ಕೈಯಲ್ಲೂ ಇಲ್ಲ, ನನ್ನ ಕೈಯಲ್ಲೂ ಇಲ್ಲ, ಸರಿ. ನನ್ನ ಮುಖ ಹಾಕಿ ಅದೇ ಅಂತ ಮಾತ್ರ ಬರೆಯಬೇಡಿ ಅಂದಳು. ಹುಡುಗಿ ಅಲ್ಲೇ ಕೂತು ಎಲ್ಲೆಲ್ಲಿಗೋ ಫೋನು ಮಾಡಿದಳು. ಒಂದು ಕಡೆ ಬೈಗುಳ ತಿಂದಿದ್ದು ಪಕ್ಕದಲ್ಲಿದ್ದವಳಿಗೂ ಕೇಳಿಸಿತು. ಮುಂದಿನ ತಿಂಗಳು ಬಂದ ಪೊಟ್ಟಣದ ಮೇಲೆ ಹೆಂಗಸಿನ ಚಿತ್ರವಿರಲಿಲ್ಲ. "ಹೊಸ ಪರಿಮಳ" ಅಂತಿತ್ತು. ಅಷ್ಟರಮಟ್ಟಿಗೆ ನಿಜ.

ಪರೀಕ್ಷೆಯ ಕೋಣೆಗೆ ಒಂದು ಯಂತ್ರ ಬಂತು. ಅವಳನ್ನು ಪೊಟ್ಟಣ ಕಟ್ಟುವ ವಿಭಾಗಕ್ಕೆ ಹಾಕಿದರು, ಹರಿದ ಪೊಟ್ಟಣ ಆರಿಸುವ ಕೆಲಸ. ಅಲ್ಲಿಗೆ ಹೋದ ಮೊದಲನೇ ದಿನ ಟೀ ಹೊತ್ತಿಗೆ ಮೇಸ್ತ್ರಿ ಬಂದು ಅವಳ ಬೆಂಚಿನಲ್ಲಿ ಕೂತ. ಟೀ ಕುಡಿದು ಲೋಟ ಕೆಳಗಿಟ್ಟ.

"ನೀನು ಅವರಿಗೆ ನಿನ್ನ ಮೂಗು ಮಾರ್ಕೊಂಡೆ ಅಂದ್ಕೊಂಡಿದ್ದೆ ನಾನು," ಅಂದ.

"ಮಾರೋಕಾದ್ರೂ ಮೂಗು ಇರಬೇಕಿತ್ತಲ್ಲ ಅಣ್ಣ."

ಅವನು ನಗಲಿಲ್ಲ. ವಾಸನೆ ಬದಲಾದದ್ದನ್ನು ಯಾರಿಗೂ ಹೇಳಬಾರದು ಅಂತ ಅವರ ಹದಿನೆಂಟು ಜನರಿಂದಲೂ ಕಾಗದಕ್ಕೆ ಸಹಿ ಹಾಕಿಸಿಕೊಂಡಿದ್ದರಂತೆ. ಡ್ರಮ್ಮಿನ ಮುಚ್ಚಳ ತೆಗೆದ ಕೂಡಲೇ ಅವರಿಗೆಲ್ಲ ತಿಳಿದಿತ್ತು. ಹೇಳುವ ಹಾಗಿಲ್ಲ, ಅದಕ್ಕೇ ಆ ಸೋಮವಾರ ಅವನು ಖುದ್ದಾಗಿ ಹೊತ್ತು ತಂದದ್ದು.

"ನೀನು ವಾಪಸ್ ಕಳಿಸಿದ್ರೆ ನಾವು ಹದಿನೆಂಟು ಜನಾನೂ ನಿನ್ನ ಹಿಂದೆ ನಿಲ್ಲೋದು ಅಂತ ಮಾತಾಡ್ಕೊಂಡಿದ್ವಿ. ಎಲ್ಲ ಬಾಗಿಲ ಹತ್ತಿರಾನೇ ಕಾಯ್ತಿದ್ರು."

"ನಿಂತಿದ್ರೂ ಏನೂ ಆಗ್ತಿರಲಿಲ್ಲ ಅಣ್ಣ. ಹೋದ ವರ್ಷಾನೇ ತೀರ್ಮಾನ ಆಗಿತ್ತಂತೆ."

"ಆಗ್ತಿರಲಿಲ್ಲ, ಗೊತ್ತು," ಅಂದ ಮೇಸ್ತ್ರಿ. "ಆದ್ರೂ ನಿಲ್ತಿದ್ವಿ."

ಮೂಗು ಮೇಡಂಗೆ ಆಗ ಅಳು ಬಂತು. ಜ್ವರ ಬಂದಾಗ ಅತ್ತಿರಲಿಲ್ಲ, ಕ್ಯಾಮೆರಾ ಎದುರಿಗೂ ಅತ್ತಿರಲಿಲ್ಲ. ಈಗ ಪೊಟ್ಟಣ ಕಟ್ಟುವವರೆಲ್ಲ ನೋಡುತ್ತಿದ್ದರೂ ಮುಖ ಮುಚ್ಚಿಕೊಳ್ಳದೆ ಅತ್ತಳು. ಮೇಸ್ತ್ರಿ ಎದ್ದು ಹೋಗಲಿಲ್ಲ, ಗಂಟೆ ಹೊಡೆಯುವವರೆಗೂ ಪಕ್ಕದಲ್ಲೇ ಕೂತಿದ್ದ.