ಪೆನ್ಸಿಲ್ ಗುರುತು ಹಾಕಿದ ಕಡೆ ಸಹಿ

ಮದ್ದೂರು ಕಡೆಯ ಕೊಪ್ಪದ ಬಳಿಯ ನಮ್ಮೂರಿನ ಹಾಲಿನ ಡೇರಿಯಲ್ಲಿ ನಾನು ಬಹಳ ವರ್ಷ ಕಾರ್ಯದರ್ಶಿಯಾಗಿದ್ದೆ. ಯಾವ ಕಾಗದ ಬಂದರೂ ಸಹಿ ಹಾಕಬೇಕಾದ ಜಾಗದಲ್ಲಿ ಪೆನ್ಸಿಲಿನಿಂದ ಸಣ್ಣ ಗುರುತು ಮಾಡಿ ಕೊಡುತ್ತಿದ್ದೆ. ಜನ ಓದುತ್ತಿರಲಿಲ್ಲ. ನನ್ನ ಗುರುತಿದ್ದರೆ ಸಾಕಿತ್ತು. ನಿವೃತ್ತಿಯಾದ ಮೇಲೂ ಡೇರಿಯ ವಾಟ್ಸಾಪ್ ಗುಂಪು ನನ್ನ ಕೈಯಲ್ಲೇ ಉಳಿಯಿತು.

ಒಂದು ದಿನ ಫೇಸ್‌ಬುಕ್ಕಿನಲ್ಲಿ ಪ್ರಕಟಣೆ ನೋಡಿದೆ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯ ಸಂಶೋಧನೆಗೆ ಮಂಡ್ಯದಲ್ಲಿ ಜನ ಬೇಕಾಗಿದ್ದರು. ಹಳೆಯ ಮಾತ್ರೆ ನಿಲ್ಲಿಸಬೇಕು, ಕೆಲವರಿಗೆ ಔಷಧಿಯೇ ಇಲ್ಲದ ಮಾತ್ರೆ ಸಿಗುತ್ತದೆ ಎಂದು ಕೆಳಗೆ ಬರೆದಿತ್ತು. ನಾನು ಮೇಲಿನ ಎರಡು ಸಾಲು ಮಾತ್ರ ಗುಂಪಿಗೆ ಹಾಕಿದೆ. ಪೂರ್ತಿ ಹಾಕಿದರೆ ಯಾರೂ ಬರುವುದಿಲ್ಲವೆಂದು ಗೊತ್ತಿತ್ತು. ಜನರನ್ನು ಕಳಿಸಿದವರ ಫೋಟೊವನ್ನು ಆ ಪುಟದಲ್ಲಿ ಹಾಕುತ್ತಿದ್ದರು. ನನ್ನದೂ ಬಂತು. ಮದ್ದೂರು, ಮಳವಳ್ಳಿಯ ಪರಿಚಯದವರೆಲ್ಲ ಮೆಚ್ಚಿದರು.

ಮೊದಲು ಒಪ್ಪಿದವನು ನನ್ನ ಜೊತೆ ಹೈಸ್ಕೂಲು ಓದಿದ ಗೆಳೆಯ. ನಾನೇ ಮಂಡ್ಯಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕೊಟ್ಟ ಒಪ್ಪಿಗೆಯ ಹಾಳೆಗಳಿಗೆ ಪೆನ್ಸಿಲ್ ಗುರುತು ಹಾಕಿ ಅವನ ಮುಂದಿಟ್ಟೆ.

"ಇದೇನ್ಲಾ ಇಷ್ಟೊಂದು ಆಳೆ? ಜಮೀನ್ ಬರ್ಕೊಡ್ತಿದೀನಾ?"

"ಗುರುತಿರೋ ಕಡೆ ಸಹಿ ಆಕು."

"ನೀನ್ ನೋಡಿದ್ಯಾ?"

"ಎಲ್ಲಾ ನೋಡಿದೀನಿ ಕಣ್ಲಾ."

ನೋಡಿದ್ದು ನಿಜ. ನರ್ಸಮ್ಮ ಅವನನ್ನು, "ಅರ್ಥ ಆಯ್ತಾ ತಾತ?" ಎಂದು ಕೇಳಿದಾಗಲೂ ನಾನೇ ಹೂಂ ಎಂದೆ.

ಕೆಲವು ತಿಂಗಳಲ್ಲಿ ಅವನ ಕಾಲಿನಲ್ಲಿ ಹುಣ್ಣಾಯಿತು. ಗಾಯವಾದರೆ ತಕ್ಷಣ ತಿಳಿಸಿ ಎಂದು ಆ ಹಾಳೆಗಳಲ್ಲಿತ್ತು. ನಾನು, ಅರಿಶಿನ ಹಚ್ಚು ಎಂದೆ. ಕೊನೆಗೆ ಬಲಗಾಲಿನ ಬೆರಳೊಂದನ್ನು ತೆಗೆದರು.

ಅವನ ಮಗಳು ಮಳವಳ್ಳಿಯಿಂದ ಬಂದು, ಹಾಸಿಗೆಯ ಪಕ್ಕ ಕೂತು ಆ ಹಾಳೆಗಳನ್ನು ಗಟ್ಟಿಯಾಗಿ ಓದಿದಳು. ನಾನು ಅಲ್ಲೇ ನಿಂತಿದ್ದೆ.

"ಫೇಸ್‌ಬುಕ್ನೋರು ಮೋಸ ಮಾಡುದ್ರು ಕಣ್ಲಾ," ಎಂದೆ.

"ನಾನ್ ಫೇಸ್‌ಬುಕ್ ನೋಡ್ಕಂಡ್ ಬಂದ್ನಾ? ನಿನ್ ನೋಡ್ಕಂಡ್ ಬಂದೆ," ಎಂದು ಅವನು ಗೋಡೆಯ ಕಡೆ ತಿರುಗಿದ. ಅವನ ಹೆಂಡತಿ, "ನೀವಿನ್ನು ನಡೀರಿ ಬಾವ," ಎಂದಳು.

ಹೋದ ತಿಂಗಳು ನಾನು ಡೇರಿಯಲ್ಲಿದ್ದಾಗ ಅವನು ಕುಂಟುತ್ತಾ ಬಂದ. ಹಸುವಿನ ವಿಮೆಯ ಅರ್ಜಿ ಇತ್ತು. ಹೊಸ ಕಾರ್ಯದರ್ಶಿ ಅದನ್ನು ನನ್ನ ಕೈಗೆ ಕೊಟ್ಟ. ಅಭ್ಯಾಸಬಲದಿಂದ ಗುರುತು ಹಾಕಿದೆ. ಗೆಳೆಯ ಆ ಗುರುತನ್ನು ಹೆಬ್ಬೆರಳಿನಿಂದ ಉಜ್ಜಿದ.

"ಮೊದ್ಲಿಂದ ಓದು," ಎಂದ.

ಎರಡು ಪುಟ ಓದಿ ಮುಗಿಸುವಷ್ಟರಲ್ಲಿ ಹಾಲು ಹಾಕುವವರ ಸಾಲು ರಸ್ತೆಗೆ ಬಂದಿತ್ತು. ಬೇಗ ಮಾಡು ಎಂದು ಯಾರೂ ಹೇಳಲಿಲ್ಲ.