ಆಪರೇಷನ್ನಿಗೂ ಮುಂಚೆ ಬರುವ ಬ್ಲೇಡಣ್ಣ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಂದು ಹಾಸಿಗೆಯ ಸುತ್ತ ಮಾತ್ರ ಹಸಿರು ಪರದೆ ಎಳೆದಿದೆ. ಒಳಗೆ ದಪ್ಪ ಮೀಸೆಯ ಆಸಾಮಿಯೊಬ್ಬರು ರೋಗಿಯ ಹೆಗಲಿಗೆ ಬಟ್ಟೆ ಹೊದಿಸಿ, ಬಿಸಿನೀರಿನ ಬಟ್ಟಲಲ್ಲಿ ತಮ್ಮ ಬೆರಳು ಅದ್ದಿಕೊಂಡು ನಿಂತಿದ್ದಾರೆ. "ತಣ್ಣಗಿನ ಕೈ ತಾಗಿದ್ರೆ ಬೆಚ್ಚಿಬೀಳ್ತಾರೆ. ಮೊದಲೇ ಹೆದರಿರ್ತಾರೆ ಪಾಪ" ಎನ್ನುತ್ತಾರೆ. ಆಮೇಲೆ ರೋಗಿಯ ತಲೆಯನ್ನು ಎಡಗೈಯಲ್ಲಿ ಮೆಲ್ಲಗೆ ಓರೆ ಮಾಡಿ ಕೆಲಸ ಶುರು ಮಾಡುತ್ತಾರೆ.

ಶಸ್ತ್ರಚಿಕಿತ್ಸೆಗೆ ಹೋಗುವವರ ಕೂದಲು ತೆಗೆಯುವುದು ಇವರ ಕೆಲಸ. ದಿನಕ್ಕೆ ಎಂಟೋ ಹತ್ತೋ ಮಂದಿ. ಆಸ್ಪತ್ರೆಗೆಲ್ಲ ಇವರು 'ಬ್ಲೇಡಣ್ಣ'. ಕೈಯಲ್ಲಿರುವುದೂ ಬ್ಲೇಡು, ಬಾಯಿ ತೆರೆದರೂ ಬ್ಲೇಡು ಎಂದು ನರ್ಸುಗಳು ರೇಗಿಸುತ್ತಾರೆ. ಸುಮ್ಮನಿದ್ದರೆ ರೋಗಿ ಆಪರೇಷನ್ ಬಗ್ಗೆಯೇ ಯೋಚಿಸುತ್ತಾರಂತೆ, ಅದಕ್ಕೇ ಈ ಕೊರೆತ. ಗುಣವಾಗಿ ಮನೆಗೆ ಹೋಗುವವರು ಡಾಕ್ಟರಿಗೆ ಕೈ ಮುಗಿಯುತ್ತಾರೆ, ನರ್ಸುಗಳಿಗೆ ಸಿಹಿ ಕೊಡುತ್ತಾರೆ. ಬ್ಲೇಡಣ್ಣನ ಮುಖ ಯಾರಿಗೂ ನೆನಪಿರುವುದಿಲ್ಲ.

"ಒಳ್ಳೇದೇ ಆಯ್ತು ಬಿಡಿ" ಎನ್ನುವಾಗ ಅವರ ದನಿ ಇಳಿಯುತ್ತದೆ. "ಒಬ್ಬರಿಗಂತೂ ನನ್ನ ಮುಖ ನೆನಪಿರಬಾರದು ಅಂತ ಬೇಡ್ಕೋತೀನಿ."

ಕುಡಿತ ಅವರಿಗೆ ಗೆಳೆಯರ ಜೊತೆಗೇ ಬಂದದ್ದು. ಶನಿವಾರ ಸಂಜೆ ವಾರ್ಡ್ ಬಾಯ್, ಆಂಬ್ಯುಲೆನ್ಸ್ ಡ್ರೈವರ್, ಇವರು ಎಲ್ಲ ಸೇರಿ ಒಂದೆರಡು ಗ್ಲಾಸು, ಒಂದಿಷ್ಟು ಹರಟೆ. ಆಮೇಲೆ ವಾರದ ನಡುವೆಯೂ ಇವರೇ ಗೆಳೆಯರಿಗೆ ಫೋನ್ ಮಾಡತೊಡಗಿದರು. ಗೆಳೆಯರು ಬರುವ ಮೊದಲೇ ಒಂದು ಸುತ್ತು ಮುಗಿಸಿ, ಬಂದಾಗ ಇದೇ ಮೊದಲ ಗ್ಲಾಸು ಎಂಬಂತೆ ಕೂರತೊಡಗಿದರು. ಅವರು ಬಾರದ ದಿನ ಒಬ್ಬರೇ ಕುಡಿಯುವುದೂ ಆಯಿತು. "ಕಂಪನಿಗೋಸ್ಕರ ಕುಡೀತೀನಿ ಅಂತಿದ್ದೆ. ಕೊನೆಗೆ ಬಾಟ್ಲಿನೇ ಕಂಪನಿ ಆಗಿತ್ತು."

ಬೆಳಿಗ್ಗೆ ಕೈ ನಡುಗುವುದು ಅಲ್ಲಿಂದ ಮುಂದೆ. ನಡುಕ ನಿಲ್ಲಲಿ ಎಂದು ಕೆಲಸಕ್ಕೆ ಹೊರಡುವ ಮುನ್ನ ಬಚ್ಚಲಲ್ಲೇ ಒಂದು ಗುಟುಕು. ಮೇಲೆ ಏಲಕ್ಕಿ. ಹಾಗಿದ್ದೂ ತಾನು ಕುಡುಕನೆಂದು ಅವರಿಗೆ ಒಮ್ಮೆಯೂ ಅನ್ನಿಸಲಿಲ್ಲ. ಅದೇ ಆಸ್ಪತ್ರೆಯ ನೆಲಮಹಡಿಯಲ್ಲಿ ಕುಡಿತ ಬಿಡಿಸುವ ವಾರ್ಡಿದೆ. ಅಲ್ಲಿಯವರಿಗೂ ಗಡ್ಡ ಕೆರೆಯುವುದು ಇವರೇ. "ಅವರನ್ನ ನೋಡಿ ಅಯ್ಯೋ ಅಂತಿದ್ದೆ. ಕುಡುಕರು ಅಂದ್ರೆ ಅವರು, ನಾನಲ್ಲ. ನಾನು ದಿನಾ ಡ್ಯೂಟಿಗೆ ಬರ್ತೀನಲ್ಲ!"

ಹೋದ ವರ್ಷದ ಒಂದು ಬೆಳಿಗ್ಗೆ ಮೂರನೇ ಮಹಡಿಯಲ್ಲಿ ಒಬ್ಬ ಅಜ್ಜಿ. ತಲೆಯೊಳಗಿನ ಗಡ್ಡೆ ತೆಗೆಯುವ ಆಪರೇಷನ್. ಉದ್ದ ಕೂದಲೆಲ್ಲ ಇಳಿಸಿಯಾಗಿತ್ತು, ಕಿವಿಯ ಹಿಂದೆ ಒಂದಿಷ್ಟು ಬಾಕಿಯಿತ್ತು. ಬ್ಲೇಡು ಜಾರಿತು. ಡಾಕ್ಟರು ಕೊಯ್ಯಬೇಕಿದ್ದ ಜಾಗದಲ್ಲೇ ಉದ್ದಕ್ಕೆ ಗೀರಿ, ರಕ್ತ ಕುತ್ತಿಗೆಗಿಳಿಯಿತು. ಗಾಯಕ್ಕೆ ನಂಜಾದೀತೆಂದು ಆಪರೇಷನ್ ಮುಂದಕ್ಕೆ ಹೋಯಿತು. ಉಪವಾಸವಿದ್ದ ಅಜ್ಜಿಯನ್ನು ಸ್ಟ್ರೆಚರಿನಿಂದ ಇಳಿಸಿ ಮತ್ತೆ ಹಾಸಿಗೆಗೆ ಹಾಕಿದರು. ಹೊರಗೆ ಕಾದಿದ್ದ ಮಗ ಏನೆಂದು ತಿಳಿಯದೆ ಮಿಕಿಮಿಕಿ ನೋಡುತ್ತಿದ್ದ.

"ಇದು ಹೇಗಾಯ್ತು?" ಡಾಕ್ಟರು ಗದರಿದರು.

ಬ್ಲೇಡಣ್ಣ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು. ಅಷ್ಟರಲ್ಲಿ ಅಜ್ಜಿಯೇ ಹೇಳಿದರು: "ಅವನದೇನೂ ತಪ್ಪಿಲ್ಲಪ್ಪ. ನಾನೇ ಅಲ್ಲಾಡಿಬಿಟ್ಟೆ."

ಅಜ್ಜಿ ಅಲ್ಲಾಡಿರಲಿಲ್ಲ. ಡಾಕ್ಟರು ಅತ್ತ ಹೋದ ಮೇಲೆ ಇವರ ಮಣಿಕಟ್ಟು ಹಿಡಿದು, ಯಾರಿಗೂ ಕೇಳಿಸದ ಹಾಗೆ ಇಷ್ಟೇ ಅಂದರು: "ನನ್ನ ತಮ್ಮನಿಗೂ ಇದೇ ವಾಸನೆ ಇತ್ತು ಕಣಪ್ಪ. ಅವನು ಉಳೀಲಿಲ್ಲ."

"ಬೈದಿದ್ರೆ ತಡ್ಕೋತಿದ್ದೆ" ಎನ್ನುತ್ತಾರೆ ಬ್ಲೇಡಣ್ಣ, ನೆಲ ನೋಡುತ್ತ. "ಅಷ್ಟು ದೊಡ್ಡ ಜೀವ ನನಗೋಸ್ಕರ ಸುಳ್ಳು ಹೇಳ್ತಲ್ಲ, ಭೂಮಿ ಬಾಯಿಬಿಡಬಾರದಾ ಅನ್ನಿಸ್ತು." ಅಜ್ಜಿಯ ಆಪರೇಷನ್ ಆಮೇಲೆ ಸುಸೂತ್ರವಾಗಿಯೇ ಆಯಿತು. ಮನೆಗೆ ಹೊರಟ ದಿನ ಕ್ಷಮೆ ಕೇಳಲೆಂದು ಇವರು ವಾರ್ಡಿನ ಬಾಗಿಲ ತನಕ ಹೋದರು. ಒಳಗೆ ಹೋಗಲು ಕಾಲು ಬರಲಿಲ್ಲ. ಹಾಗೇ ಮರಳಿದರು.

ಮರುದಿನ ಮೆಟ್ಟಿಲಿಳಿದು ನೆಲಮಹಡಿಗೆ ಹೋದರು. ಗುರುತು ಸಿಗದಿರಲೆಂದು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಸಾಲಿನಲ್ಲಿ ನಿಂತರು. ಆ ಮೀಸೆ ಯಾವ ಕರವಸ್ತ್ರಕ್ಕೆ ಅಡಗೀತು! ಚೀಟಿ ಬರೆಯುವ ಹುಡುಗಿ ತಲೆಯೆತ್ತಿ, "ಏನ್ ಬ್ಲೇಡಣ್ಣ, ಇವತ್ತು ಯಾರಿಗೆ?" ಎಂದು ಕೇಳಿಯೇಬಿಟ್ಟಳು. ಸಾಲಿನವರೆಲ್ಲ ತಿರುಗಿ ನೋಡಿದರು.

"ನನಗೇ" ಅಂದರು ಬ್ಲೇಡಣ್ಣ.

ಆ ಹುಡುಗಿ ಚೀಟಿ ಬರೆದು ಕೊಟ್ಟಳು. ಒಳಗೆ ಡಾಕ್ಟರಮ್ಮ ಕೇಳಿದ್ದು ಸಣ್ಣ ಸಣ್ಣ ಪ್ರಶ್ನೆಗಳು. ಬಿಡಬೇಕೆಂದು ಹೊರಟು ಬಿಡಲಾಗದೆ ಹೋಗಿದ್ದುಂಟೇ? ಬಚ್ಚಿಟ್ಟು ಕುಡಿದದ್ದುಂಟೇ? ಬೆಳಿಗ್ಗೆ ಎದ್ದೊಡನೆ ಬೇಕಾಗುತ್ತದೆಯೇ? ಒಂದೊಂದಕ್ಕೂ ಹೌದೆನ್ನುವಾಗ ಇವರ ತಲೆ ಇನ್ನಷ್ಟು ತಗ್ಗುತ್ತಿತ್ತು. "ಇವತ್ತಿಂದಲೇ ಬಿಟ್ಟುಬಿಡ್ತೀನಿ ಮೇಡಂ" ಎಂದರೆ ಆಕೆ ಬೇಡವೆಂದರು. ಇಷ್ಟು ರೂಢಿಯಾದವರು ತಾವಾಗಿಯೇ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ ಎಂದು ತಿಳಿಹೇಳಿ ಅಲ್ಲೇ ದಾಖಲು ಮಾಡಿಕೊಂಡರು. ಅಷ್ಟೂ ದಿನ ವಾರ್ಡಿನಲ್ಲಿ ಯಾರ ಗಡ್ಡವೂ ಬೋಳಾಗಲಿಲ್ಲ. ಬೋಳಿಸುವವರೇ ಮಾತ್ರೆ ನುಂಗಿ, ಬೆವತು, ನಡುಗಿ, ಹಾಸಿಗೆ ಹಿಡಿದಿದ್ದರು.

ಈಗ ಮತ್ತೆ ಕೆಲಸಕ್ಕೆ ಬರುತ್ತಿದ್ದಾರೆ. ಆ ಬೆಳಗಿನ ನಿಜವನ್ನು ಹಿರಿಯ ನರ್ಸಿಗೆ ತಾವಾಗಿಯೇ ಹೇಳಿದ್ದಾರೆ. ಆಕೆ ಬಹುಕಾಲ ಇವರ ಕೈಗೆ ಬ್ಲೇಡು ಕೊಡದೆ, ಕೂದಲು ಕತ್ತರಿಸುವ ಮೆಷಿನ್ನನ್ನಷ್ಟೇ ಕೊಟ್ಟರು. ಅದು ಸರಿಯೇ ಎನ್ನುತ್ತಾರೆ ಬ್ಲೇಡಣ್ಣ. ವಾರಕ್ಕೊಮ್ಮೆ ನೆಲಮಹಡಿಯಲ್ಲಿ ಕುಡಿತ ಬಿಟ್ಟವರೆಲ್ಲ ಸೇರುವ ಕೂಟಕ್ಕೆ ತಪ್ಪದೆ ಹೋಗುತ್ತಾರೆ. ಒಮ್ಮೆ ಜಾರಿದ್ದೂ ಇದೆ, ಗೆಳೆಯನ ಮಗಳ ಮದುವೆಯಲ್ಲಿ. ಮರುದಿನವೇ ನೆಲಮಹಡಿಗೆ ಹೋಗಿ ಒಪ್ಪಿಕೊಂಡರು. ಹಳೆಯ ಗೆಳೆಯರು ಕಂಡರೆ ಇವರು ಈಗಲೂ ರಸ್ತೆಯ ಆಚೆ ಬದಿಗೆ ದಾಟುತ್ತಾರೆ. ನಾಚಿಕೆ ಹೋಗಿಲ್ಲವೇ ಎಂದರೆ, "ಹೋಗೋದೂ ಬೇಡ, ಇರಲಿ" ಎಂದು ಬಟ್ಟಲಿನ ನೀರು ಚೆಲ್ಲುತ್ತಾರೆ.

ಇನ್ನೇನಾದರೂ ಆಸೆ ಇದೆಯೇ? ಟವಲು ಮಡಚಿಡುತ್ತಾರೆ.

"ಮನೆಗೆ ಹೋದಾಗ ನಮ್ಮನೆಯವಳು ಬಾಗಿಲು ತೆಗೆದು, ಒಂದು ಕ್ಷಣ ಹತ್ತಿರ ಬಂದು ನಿಲ್ತಾಳೆ. ಮೂಸಿ ನೋಡೋದಕ್ಕೆ. ನಂಗೆ ಗೊತ್ತಾಗಲ್ಲ ಅಂದ್ಕೊಂಡಿದಾಳೆ. ನಾನೂ ಉಸಿರು ಬಿಟ್ಕೊಂಡೇ ನಿಲ್ತೀನಿ, ನೋಡ್ಕೊಳ್ಳಲಿ ಅಂತ. ಒಂದಿನ ಅವಳು ಸುಮ್ನೆ ಬಾಗಿಲು ತೆಗೆದು, ಒಲೆ ಮೇಲೇನೋ ಇಟ್ಟಿದೀನಿ ಅಂತ ಹಾಗೇ ಒಳಗೆ ಓಡಿಬಿಡಬೇಕು. ಅಷ್ಟೇ ಸಾಕು ನಂಗೆ."